ತುರಿಕೆ ಇಲ್ಲ, ಪಿತ್ತ ಎದ್ದದ್ದೂ ಇಲ್ಲ, ಅಪ್ಪನ ತುಟಿ ಮಾತ್ರ ಬಾತುದು ಯಾಕೆ?

ಬದಿಯಡ್ಕದ ತೋಟದವ:
ಅಪ್ಪನಿಗೆ 64 ವರ್ಷ. ನಾಲ್ಕು ತಿಂಗಳಲ್ಲಿ ಇದು ಮೂರನೇ ಸಲ, ಬೆಳಿಗ್ಗೆ ಏಳುವಾಗ ಮೇಲಿನ ತುಟಿ ಬಾತು ಹಲಸಿನ ಸೊಳೆ ಹಾಗೆ ಆಗಿರ್ತದೆ, ಮೈಮೇಲೆ ಎಂತದೂ ಎದ್ದದ್ದಿಲ್ಲ, ತುರಿಕೆಯೂ ಇಲ್ಲ. ಮೊದಲ ಸಲ ಹಿಂದಿನ ದಿನ ಪತ್ರೊಡೆ ತಿಂದದ್ದಕ್ಕೆ ಅಂತ ಅಮ್ಮ ಕೆಸುವಿಗೆ ಬೈದ್ರು, ಎರಡನೇ ಸಲ ಅಪವಾದ ಸಿಗಡಿ ಚಟ್ನಿ ಮೇಲೆ, ಮೊನ್ನೆ ಬರೀ ಗಂಜಿ ಉಪ್ಪಿನಕಾಯಿ ಆದ್ರೂ ಬಂತು. ಇಲ್ಲಿ ಕ್ಲಿನಿಕ್‌ನಲ್ಲಿ ಅಲರ್ಜಿ ಇಂಜೆಕ್ಷನ್ ಕೊಟ್ರು, ಇಳಿಲಿಕ್ಕೆ ಎರಡು ದಿನ ಬೇಕಾಯ್ತು. ಇದು ಎಂತದರಿಂದ ಬರುದು, ತುಂಬ ಜನಕ್ಕೆ ಬರುದುಂಟಾ?

ಕುಂಬಳೆ ಮೆಡಿಕಲ್‌ನವ:
ಅಣ್ಣ, ಅಪ್ಪ ಬಿಪಿಗೆ ಯಾವ ಮಾತ್ರೆ ತೆಗೊಳ್ಳುದು? ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಇರುವ ಹೆಸರು ನೋಡಿ, ಕೊನೆಗೆ ಪ್ರಿಲ್ ಅಂತ ಉಂಟಾ? ಎನಾಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್ ಹೀಗೆ.

ಬದಿಯಡ್ಕದ ತೋಟದವ:
ಎನಾಲಾಪ್ರಿಲ್ 5. ಆದ್ರೆ ಅದು ಐದು ವರ್ಷದಿಂದ ತಿನ್ನುದು ಮಾರಾಯ್ರೆ, ಆಗುದಿದ್ರೆ ಆಗಲೇ ಆಗ್ಬೇಕಿತ್ತಲ್ಲ?

ಹೊಸದುರ್ಗದ ಡಾಕ್ಟ್ರು:
ಹಾಗೆ ಇಲ್ಲ. ಕೆಲವರಿಗೆ ಮೊದಲ ವಾರಗಳಲ್ಲೇ ಬರ್ತದೆ, ವರ್ಷಗಟ್ಟಲೆ ತಿಂದು ಎಂತದೂ ಆಗದೆ ಮತ್ತೆ ಶುರು ಆದವರೂ ಇದ್ದಾರೆ, ಅದಕ್ಕೇ ಮಾತ್ರೆ ಮೇಲೆ ಯಾರಿಗೂ ಸಂಶಯ ಬರುದಿಲ್ಲ, ಬೈಗುಳ ಎಲ್ಲ ಪತ್ರೊಡೆಗೆ. ಪಿತ್ತ ಎದ್ದು ತುರಿಸುವ ಬಾವು ಹಿಸ್ಟಮಿನ್‌ನದ್ದು, ಅಲರ್ಜಿ ಆದಾಗ ಮೈಯಲ್ಲಿ ಬಿಡುಗಡೆ ಆಗುವ ವಸ್ತು ಅದು. ಇದು ಬ್ರಾಡಿಕೈನಿನ್ ಅಂತ ಮೈಯಲ್ಲೇ ಆಗುವ ಬೇರೆಯೇ ವಸ್ತುವಿನದ್ದು, ಅದನ್ನು ಒಡೆಯುವ ಎಂಜೈಮ್‌ನ್ನೇ ಈ ಮಾತ್ರೆ ತಡೆಯುದು, ಆಗ ಅದು ಜಮೆ ಆಗಿ ರಕ್ತನಾಳದಿಂದ ನೀರು ಸೋರಿ ತುಟಿ, ನಾಲಗೆ, ಮುಖ ಬಾತುದು. ಹಾಗಾಗಿ ಅಲರ್ಜಿ ಇಂಜೆಕ್ಷನ್‌ನಿಂದ ಹೆಚ್ಚು ಉಪಯೋಗ ಇಲ್ಲ, ನಿಮ್ಮ ಅಪ್ಪನಿಗೆ ತಾನಾಗಿಯೇ ಇಳಿದದ್ದಾಗಿರ್ಬೇಕು.

ಪ್ರಿಲ್ ತಿನ್ನುವ ಸಾವಿರ ಜನರಲ್ಲಿ ಒಂದರಿಂದ ಏಳು ಜನಕ್ಕೆ ಬರುದು. ಕಮ್ಮಿ ಅಂತ ಕಾಣ್ತದೆ, ಆದ್ರೆ ಬಿಪಿ ಮಾತ್ರೆ ಇಲ್ಲದ ಮನೆ ಈಗ ಎಲ್ಲುಂಟು? ಇಟಲಿಯ ಮಿಲಾನ್‌ನಲ್ಲಿ ಪಿತ್ತ ಇಲ್ಲದೆ ಬಾವು ಬಂದ 776 ಜನರನ್ನು ಪೂರ್ತಿ ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದ್ರು. ಶೇ. 38 ಜನಕ್ಕೆ ಕಾರಣವೇ ಸಿಗಲಿಲ್ಲ, ಅವರಲ್ಲಿ ಹೆಚ್ಚಿನವರಿಗೆ ಅಲರ್ಜಿ ಮಾತ್ರೆಯಲ್ಲೇ ಹಿಡಿತಕ್ಕೆ ಬಂತು. ಶೇ. 16ಕ್ಕೆ ಬೇರೆ ಮದ್ದು, ಊಟ, ಹುಳ ಕಚ್ಚಿದ್ದು ಇಂಥದ್ದು, ಶೇ. 11 ಈ ಪ್ರಿಲ್ ಗುಂಪಿನದ್ದು. ಶೇ. 25 ಜನಕ್ಕೆ ಸಿ1 ಇನ್ಹಿಬಿಟರ್ ಕೊರತೆ, ಅಂದ್ರೆ ಬ್ರಾಡಿಕೈನಿನ್ ಹೆಚ್ಚಾಗದ ಹಾಗೆ ತಡೆಯುವ ರಕ್ತದ ಪ್ರೊಟೀನ್ ಕಮ್ಮಿ ಇರುದು, ಆ ಅಂಕೆ ನೋಡಿ ಹೆದರ್ಬೇಡಿ, ಅಂಥ ರೋಗಿಗಳನ್ನೇ ಹುಡುಕಿ ಕಳಿಸುವ ಜಾಗ ಅದು, ವಂಶದಲ್ಲಿ ಬರುವ ಆ ಕಾಯಿಲೆ ಊರಲ್ಲಿ ಸುಮಾರು 50,000ಕ್ಕೆ ಒಬ್ಬರಿಗೆ.

ಪೆರ್ಲದ ಅಕ್ಕ:
ಆ ಐವತ್ತು ಸಾವಿರಕ್ಕೆ ಒಬ್ಬಳು ನಾನೇ 😄 ಹನ್ನೆರಡನೇ ವರ್ಷದಿಂದ ಕೈ, ಮುಖ ಬಾತುದು, ಅದಕ್ಕಿಂತಲೂ ಹೊಟ್ಟೆನೋವು, ಕರುಳೇ ಬಾತುದಂತೆ, ಒಂದು ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ಅಂತ ಕೊಯ್ದು ನೋಡಿ ಎಂತದೂ ಇಲ್ಲ ಅಂತ ಹೊಲಿದು ಕಳಿಸಿದ್ರು, ಮನೆಯಲ್ಲಿ ನಾಗನ ಉಪದ್ರ ಅಂತ ತಂಬಿಲವೂ ಆಯ್ತು. ಸೋದರಮಾವನಿಗೂ ಹೀಗೇ ಆಗ್ತಿತ್ತು ಅಂತ ಅಜ್ಜಿ ಹೇಳಿದ ಮೇಲೆ ಮಂಗ್ಳೂರಲ್ಲಿ ಸಿ4 ಅಂತ ರಕ್ತದ ಇನ್ನೊಂದು ಪ್ರೊಟೀನ್‌ನ ಪರೀಕ್ಷೆ ಮಾಡಿಸಿದ್ದು, ಕಮ್ಮಿ ಬಂತು, ಮತ್ತೆ ಸಿ1 ಇನ್ಹಿಬಿಟರ್‌ನದ್ದೂ ಮಾಡಿಸಿದ್ದು. ಮಕ್ಕಳಿಗೆ ಬರ್ಲಿಕ್ಕೆ ಅರ್ಧಕ್ಕರ್ಧ ಸಾಧ್ಯತೆ. ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದ್ರೂ ಉಂಟಾ?

ಬದಿಯಡ್ಕದ ತೋಟದವ:
ಯಾರಿಗೂ ಇಲ್ಲ ಅಕ್ಕ. ಮಾತ್ರೆ ಇವತ್ತೇ ಬಿಡಿಸ್ಲಾ ಡಾಕ್ಟ್ರೆ?

ಹೊಸದುರ್ಗದ ಡಾಕ್ಟ್ರು:
ಇವತ್ತೇ ಬರೆದುಕೊಟ್ಟವರ ಹತ್ರ ಹೋಗಿ, ಬೇರೆ ಗುಂಪಿನ ಮಾತ್ರೆಗೆ ಬದಲಾಯಿಸ್ತಾರೆ, ಬಿಪಿಯನ್ನು ಹಾಗೇ ಬಿಡುದು ಬೇಡ. ಸಕ್ಕರೆಗೆ ವಿಲ್ಡಾಗ್ಲಿಪ್ಟಿನ್ ಏನಾದ್ರೂ ಇದ್ರೆ ಅದನ್ನೂ ಹೇಳಿ, ಪ್ರಿಲ್ ಜೊತೆ ಅದಿದ್ರೆ ಅಪಾಯ ಜಾಸ್ತಿ. ನಿಲ್ಲಿಸಿದ ಮೇಲೂ ಕೆಲವು ವಾರ ಬಾವು ಬರಬಹುದು. ನಾಲಗೆ ಬಾತ್ರೆ, ಸ್ವರ ಬದಲಾದ್ರೆ, ಎಂಜಲು ನುಂಗ್ಲಿಕ್ಕೆ ಆಗದಿದ್ರೆ ರಾತ್ರಿ ಎಷ್ಟು ಹೊತ್ತಾದ್ರೂ ದೊಡ್ಡ ಆಸ್ಪತ್ರೆಗೇ ಹೋಗಿ, ಉಸಿರು ಕಟ್ಟುದು ಅದರಲ್ಲಿ.

ಕುಂಬಳೆ ಮೆಡಿಕಲ್‌ನವ:
ಚೀಟಿ ಮೇಲೆ ಕೆಂಪು ಪೆನ್ನಲ್ಲಿ ಪ್ರಿಲ್ ಆಗುದಿಲ್ಲ ಅಂತ ಬರೆಸಿ ಅಣ್ಣ. ಇಲ್ಲದಿದ್ರೆ ನಾಳೆ ಇನ್ನೊಬ್ರು ಡಾಕ್ಟ್ರು ಬೇರೆ ಕಂಪೆನಿ ಹೆಸರಿನಲ್ಲಿ ಅದನ್ನೇ ಬರೀತಾರೆ, ನಮ್ಮ ಅಂಗಡಿಯಲ್ಲೇ ನೋಡಿದ್ದೇನೆ.