ದೊಡ್ಡಪ್ಪನವರು ಬಿಟ್ಟುಹೋದ ಶಾಂಪೇನ್ ಬಾಟಲಿಗೆ ಬೆಲೆ ಕಟ್ಟುವುದು ಹೇಗೆ?

ಪ್ರಶ್ನೆ (ಗಾಂಧಿನಗರ, ಬಳ್ಳಾರಿ)

ಮಾನ್ಯರೇ, ದೋಣಿಮಲೈ ಗಣಿಯಲ್ಲಿ ಎಂಜಿನಿಯರ್ ಆಗಿದ್ದ ನಮ್ಮ ದೊಡ್ಡಪ್ಪನವರು ತೀರಿಕೊಂಡ ಮೇಲೆ ಅವರ ಬೀರುವಿನಲ್ಲಿ, ಮಡಚಿಟ್ಟ ಪಂಚೆಗಳ ಹಿಂದೆ, ತೆರೆಯದ ಒಂದು ಶಾಂಪೇನ್ ಬಾಟಲಿ ನಿಂತಿತ್ತು. ಲೇಬಲ್ಲಿನ ಮೇಲೆ ಮೊಯೆಟ್ ಎಂಡ್ ಶಾಂಡನ್ ಎಂಬ ಹೆಸರೂ 1982 ಎಂಬ ಇಸವಿಯೂ ಇವೆ. ಯಂತ್ರ ಜೋಡಿಸಲು ಬಂದಿದ್ದ ವಿದೇಶಿ ತಜ್ಞರೊಬ್ಬರು 1983ರಲ್ಲಿ ಊರಿಗೆ ಮರಳುವಾಗ ಕೊಟ್ಟದ್ದೆಂದು ಮನೆಯವರ ಮಾತು. ಈಗ ಆಸ್ತಿ ಪಾಲಾಗುವ ಹೊತ್ತಿನಲ್ಲಿ ನಮ್ಮ ಅಣ್ಣನವರು ಇದಕ್ಕೆ ಲಕ್ಷಗಟ್ಟಲೆ ಬೆಲೆಯಿದೆ, ಪಟ್ಟಿಯಲ್ಲಿ ಬರೆಯಿರಿ ಎಂದು ಹಟ ಹಿಡಿದಿದ್ದಾರೆ. ಇಂಥದ್ದರ ಬೆಲೆಯನ್ನು ತಿಳಿದವರು ಹೇಗೆ ನಿರ್ಧರಿಸುತ್ತಾರೆ ಎಂಬುದನ್ನು ದಯವಿಟ್ಟು ತಿಳಿಸಬೇಕು.

ಉತ್ತರ (ದೊಡ್ಡ ಹೋಟೆಲುಗಳಲ್ಲಿ ವೈನ್ ವಿಭಾಗ ನೋಡಿಕೊಂಡಿದ್ದ ನಿವೃತ್ತ, ರಾಯಚೂರು)

ಮೊದಲು ಇಸವಿಯ ಮಾತು. ಲೇಬಲ್ಲಿನ ಮೇಲಿರುವುದು ದ್ರಾಕ್ಷಿ ಕೊಯ್ದ ವರ್ಷವೇ ಹೊರತು ಬಾಟಲಿ ಅಂಗಡಿಗೆ ಬಂದ ವರ್ಷವಲ್ಲ. ಇಸವಿ ನಮೂದಿಸಿದ ಶಾಂಪೇನನ್ನು ಫ್ರಾನ್ಸಿನ ನೆಲಮಾಳಿಗೆಗಳಲ್ಲಿ ಕನಿಷ್ಠ ಮೂರು ವರ್ಷ ಮಾಗಿಸಿಯೇ ಹೊರಗೆ ಬಿಡಬೇಕೆಂಬ ನಿಯಮವಿರುವುದರಿಂದ, 1982ರ ಬಾಟಲಿಯನ್ನು 1983ರಲ್ಲಿ ಯಾರೂ ಯಾರಿಗೂ ಉಡುಗೊರೆ ಕೊಟ್ಟಿರಲು ಸಾಧ್ಯವಿಲ್ಲ. ಮನೆಯವರ ನೆನಪು ತಪ್ಪಿರಬೇಕು, ಇಲ್ಲವೇ ಆ ಬಾಟಲಿ ಬೇರೆಯದಿರಬೇಕು. ಇದು ಸಣ್ಣ ವಿಷಯವಲ್ಲ. ಬಾಟಲಿ ಯಾರ ಕೈಯಿಂದ ಬಂತು, ಎಲ್ಲೆಲ್ಲಿ ಇತ್ತು ಎಂಬುದಕ್ಕೆ ಕೊಳ್ಳುವವರು ತುಂಬಾ ತೂಕ ಕೊಡುತ್ತಾರೆ.

ಎರಡನೆಯದಾಗಿ, ಇದೇ ಸಂಸ್ಥೆಯ ಡೊಂ ಪೆರಿಞೋನ್ ಎಂಬ ಶಾಂಪೇನ್ ಗುರಾಣಿಯಾಕಾರದ ಲೇಬಲ್ಲಿನಲ್ಲಿ ಬರುತ್ತದೆ. ಅದಾಗಿದ್ದರೆ ಬೆಲೆ ಹಲವು ಪಟ್ಟು. ತಾವು ಹೇಳುವುದು ಸಾಮಾನ್ಯ ಇಸವಿ ಶಾಂಪೇನ್ ಎಂದು ತೋರುತ್ತದೆ. ಒಳ್ಳೆಯ ಸ್ಥಿತಿಯಲ್ಲಿದ್ದರೂ ಅದು ಸಾವಿರಗಳ ಲೆಕ್ಕದ್ದು, ಲಕ್ಷಗಳದ್ದಲ್ಲ.

ಮುಖ್ಯವಾದದ್ದು ಸ್ಥಿತಿ. ಇಂಥ ಬಾಟಲಿಗೆ ಬೇಕಾದದ್ದು ಕತ್ತಲು ಮತ್ತು ಸುಮಾರು 10ರಿಂದ 13 ಡಿಗ್ರಿಯ ಏರಿಳಿತವಿಲ್ಲದ ತಂಪು. 2010ರಲ್ಲಿ ಬಾಲ್ಟಿಕ್ ಸಮುದ್ರದ ತಳದಲ್ಲಿ ಮುಳುಗಿದ ಹಡಗೊಂದರಿಂದ ಸುಮಾರು 170 ವರ್ಷ ಹಳೆಯ ಶಾಂಪೇನ್ ಮೇಲೆ ಬಂದಾಗ ಕೆಲವು ಬಾಟಲಿಗಳು ಕುಡಿಯುವಂತಿದ್ದದ್ದು ಆ ತಣ್ಣನೆಯ ಕತ್ತಲಿನಿಂದಲೇ. ಬಳ್ಳಾರಿಯ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕೋಣೆಯ ಬೀರುವಿನಲ್ಲಿ ದಶಕಗಳು ಕಳೆದ ಬಾಟಲಿಯ ವಿಷಯದಲ್ಲಿ ನಾನು ಹೆಚ್ಚು ಆಸೆ ಹುಟ್ಟಿಸಲಾರೆ. ಆದರೂ ನೋಡಿ: ಬಾಟಲಿಯನ್ನು ನೇರವಾಗಿ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಹಿಡಿದರೆ ದ್ರವದ ಮಟ್ಟ ಕುತ್ತಿಗೆಯಲ್ಲಿ ಎಷ್ಟು ಇಳಿದಿದೆ, ಬಣ್ಣ ಹೊನ್ನಿನದೋ ಕಂದೋ ಎಂಬುದು ಕಾಣುತ್ತದೆ. ಕಾರ್ಕಿನ ಮೇಲೆ ಸುತ್ತಿದ ಲೋಹದ ಹಾಳೆಯ ಕೆಳ ಅಂಚು ಅಂಟಂಟಾಗಿದ್ದರೆ ಕಾರ್ಕ್ ಸೋರಿದೆ ಎಂದರ್ಥ. ಕಾರ್ಕನ್ನು ಬಿಗಿದಿರುವ ತಂತಿಯನ್ನು ಮಾತ್ರ ಸಡಿಲಿಸಬೇಡಿ, ಲೇಬಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ.

ಉತ್ತರ (ವಕೀಲ, ಕೊಪ್ಪಳ)

ಹಿರಿಯರ ಮಾತಿಗೆ ಒಂದು ಸೇರ್ಪಡೆ. ಬೆಲೆ ಎಷ್ಟೇ ಇರಲಿ, 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯವನ್ನು ಮಾರುವಂತಿಲ್ಲ. ಆದ್ದರಿಂದ ಜಾಲತಾಣದಲ್ಲಿ ಮಾರಾಟದ ಜಾಹೀರಾತು ಹಾಕಬೇಡಿ. ಹರಾಜು ಸಂಸ್ಥೆಗಳಿಗೆ ಲೇಬಲ್, ಕುತ್ತಿಗೆ, ಹಾಳೆ ಇವುಗಳ ಸ್ಪಷ್ಟ ಚಿತ್ರ ಕಳುಹಿಸಿ ಅಂದಾಜು ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮಾರಲಾಗದ ವಸ್ತುವಿಗೆ ಕಾಗದದ ಮೇಲೆ ಬೆಲೆ ಬರೆದು ಅಣ್ಣತಮ್ಮಂದಿರು ಮುಖ ತಿರುಗಿಸಿಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು

ತಾವು ಹೇಳಿದಂತೆ ನೋಡಿದೆವು. ಮಟ್ಟ ಎರಡು ಬೆರಳಿಗಿಂತ ಹೆಚ್ಚು ಇಳಿದಿದೆ, ಬಣ್ಣ ಡಿಕಾಕ್ಷನ್ನಿನಂತಿದೆ, ಹಾಳೆಯ ಒಂದು ಮಗ್ಗುಲು ಕಪ್ಪಾಗಿ ಅಂಟಂಟಾಗಿದೆ. ಅಣ್ಣನವರೇ ಟಾರ್ಚ್ ಹಿಡಿದಿದ್ದರು. ಆಮೇಲೆ ಪಟ್ಟಿಯ ಮಾತೆತ್ತಲಿಲ್ಲ. ಆದರೆ ದೊಡ್ಡಪ್ಪನವರ ಮಗಳು ವರ್ಷಾಬ್ದಿಕ ಮುಗಿದ ಮೇಲೆ ಇದನ್ನು ತೆರೆಯೋಣ ಎನ್ನುತ್ತಿದ್ದಾರೆ. ಕುಡಿದರೆ ಅಪಾಯವೇ?

ಉತ್ತರ (ರಾಯಚೂರು)

ಹಳತಾದ ವೈನ್ ರುಚಿ ಕೆಡುತ್ತದೆ, ವಿಷವಾಗುವುದಿಲ್ಲ. ಗುಳ್ಳೆ ಬಹುತೇಕ ಹೋಗಿರಬಹುದು, ಹುಳಿ ಹತ್ತಿರಲೂಬಹುದು. ಆದರೂ ಒತ್ತಡ ಉಳಿದಿಲ್ಲವೆಂದು ನಂಬಬೇಡಿ. ಹೊಸ ಬಾಟಲಿಯೊಳಗೆ ವಾತಾವರಣದ ಐದಾರು ಪಟ್ಟು ಒತ್ತಡವಿರುತ್ತದೆ. ಫ್ರಿಜ್ಜಿನಲ್ಲಿ ನಿಲ್ಲಿಸಿ ಚೆನ್ನಾಗಿ ತಂಪು ಮಾಡಿ, ಮೇಲೆ ದಪ್ಪ ಟವೆಲ್ ಹಾಕಿ, ಮುಖದಿಂದ ದೂರ ಹಿಡಿದು, ಕಾರ್ಕನ್ನು ಬಿಗಿ ಹಿಡಿದು ಬಾಟಲಿಯನ್ನು ನಿಧಾನವಾಗಿ ತಿರುಗಿಸಿ. ಒಣಗಿದ ಕಾರ್ಕ್ ಮುರಿಯಬಹುದು, ಚಹಾ ಸೋಸುವ ಜಾಲರಿ ಹತ್ತಿರವಿರಲಿ.