ದಿನವಿಡೀ ಕ್ಯಾಬ್ ಓಡಿಸಿದರೆ ಮಿದುಳು ಬದಲಾಗುತ್ತಾ?

ಗಾಂಧಿಬಜಾರ್_ಗಿರಾಕಿ:
ಊರಿನ ದಾರಿಗಳನ್ನು ಕಲಿತು ಲಂಡನ್ ಟ್ಯಾಕ್ಸಿಯವರ ಮಿದುಳಿನ ಒಂದು ಭಾಗ ದೊಡ್ಡದಾಯಿತು ಅನ್ನೋ ಕಥೆ ಎಲ್ಲ ಕಡೆ ಓದ್ತೀವಿ. ನಲವತ್ತು ದಾಟಿದವರು ಇಲ್ಲಿ ಬೆಂಗಳೂರಲ್ಲಿ ಮ್ಯಾಪ್ ಹಾಕ್ಕೊಂಡು ದಿನಕ್ಕೆ ಹತ್ತು ಗಂಟೆ ಓಡಿಸಿದರೂ ಅದೇ ಆಗುತ್ತಾ? ಇಲ್ಲಾಂದ್ರೆ ದಾರಿ ಕಲಿಯೋದು ಹೇಗೆ?

ನರವ್ಯೂಹ:
ಬರೀ ಸ್ಟೀರಿಂಗ್ ಹಿಡಿದರೆ ಆಗಲ್ಲ. 2000ದಲ್ಲಿ ನರವಿಜ್ಞಾನಿ ಎಲೀನರ್ ಮೆಗ್ವಾಯರ್ ತಂಡಕ್ಕೆ ಲಂಡನ್ ಟ್ಯಾಕ್ಸಿ ಚಾಲಕರ ಹಿಪೊಕ್ಯಾಂಪಸ್‌ನ (ನೆನಪು, ದಾರಿ ಗುರುತಿಸೋದಕ್ಕೆ ಬೇಕಾದ ಮಿದುಳಿನ ಭಾಗ) ಹಿಂಭಾಗ ಬೇರೆಯವರದಕ್ಕಿಂತ ದೊಡ್ಡದಾಗಿ ಕಂಡಿತು. ಅಂಥ ಮಿದುಳಿನವರೇ ಆ ಕೆಲಸಕ್ಕೆ ಬಂದಿರಬಹುದಲ್ಲ ಅನ್ನೋ ತಕರಾರು ಎದ್ದಿತು, ಅದು ನ್ಯಾಯವಾದದ್ದೇ. 2011ರಲ್ಲಿ ಉತ್ತರ ಸಿಕ್ಕಿತು: ಟ್ಯಾಕ್ಸಿ ಲೈಸೆನ್ಸಿಗೆ ದಾರಿ ಕಲಿಯೋ ತರಬೇತಿಗೆ ಸೇರಿದ 79 ಜನರಲ್ಲಿ 39 ಮಂದಿ ಪಾಸಾದರು, ಹಿಂಭಾಗ ಬೆಳೆದದ್ದು ಪಾಸಾದವರಲ್ಲಿ ಮಾತ್ರ. ಫೇಲಾದವರು ವಾರಕ್ಕೆ ಓದಿದ್ದು ಹೆಚ್ಚುಕಮ್ಮಿ ಅರ್ಧದಷ್ಟೇ ಗಂಟೆ.

ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು 2006ರ ಹೋಲಿಕೆ. ಅದೇ ಊರಿನ ಬಸ್ ಚಾಲಕರೂ ಅದೇ ಟ್ರಾಫಿಕ್‌ನಲ್ಲಿ ಓಡಿಸುವವರು, ಆದರೆ ನಿಗದಿತ ರೂಟು. ಅವರಲ್ಲಿ ಈ ಹಿಗ್ಗುವಿಕೆ ಇರಲಿಲ್ಲ. ಮ್ಯಾಪ್ ಹೇಳಿದಂತೆ ತಿರುಗಿಸುವುದೂ ಹೆಚ್ಚುಕಡಿಮೆ ಬಸ್ ರೂಟೇ.

ಅಡ್ಡರಸ್ತೆ:
ಕ್ರಮ ಕೇಳಿದಿರಿ. ಲಂಡನ್ ಟ್ಯಾಕ್ಸಿಯವರು ನಗರದ ನಡುವಿನ ಚೇರಿಂಗ್ ಕ್ರಾಸ್ ಸುತ್ತ ಆರು ಮೈಲಿಯ ಸುಮಾರು 25,000 ಬೀದಿಗಳನ್ನು 320 ದಾರಿಗಳ ಮೂಲಕ ಕಲಿಯುತ್ತಾರೆ. ಪ್ರತಿ ದಾರಿಯ ಎರಡು ತುದಿಯಲ್ಲೂ ಸುತ್ತ ಕಾಲು ಮೈಲಿ ದೂರದೊಳಗಿನ ಆಸ್ಪತ್ರೆ, ಹೋಟೆಲು, ಠಾಣೆ ಎಲ್ಲ ಬಾಯಿಗೆ ಬರಬೇಕು.

ಇಲ್ಲಿಗೆ ಹೊಂದಿಸೋದಾದ್ರೆ ಗಾಂಧಿ ಬಜಾರಿನಿಂದ ಮಲ್ಲೇಶ್ವರ 8ನೇ ಕ್ರಾಸ್ ತಗೊಳ್ಳಿ. ಹೊರಡುವ ಮುಂಚೆ ಪ್ರತಿ ತಿರುವನ್ನೂ ರಸ್ತೆ ಹೆಸರು ಸಮೇತ ಜೋರಾಗಿ ಹೇಳಿ. ಫೋನ್ ಡ್ಯಾಶ್‌ಬೋರ್ಡ್ ಒಳಗಿಟ್ಟು ಓಡಿಸಿ, ತಪ್ಪಿದ ಜಾಗ ಗಾಡಿ ನಿಲ್ಲಿಸಿದ ಮೇಲೆ ಬರೆದುಕೊಳ್ಳಿ. ವಾಪಸ್ ದಾರಿಯನ್ನು ಬೇರೆಯೇ ಪಾಠ ಅಂತ ಕಲಿಯಿರಿ, ಒನ್‌ವೇ ಕಾಟ ಇದೆಯಲ್ಲ. ಹೆಚ್ಚಿನವರು ಎಡವೋದು ಎಲ್ಲ ದಾರಿಯನ್ನೂ ಮೆಜೆಸ್ಟಿಕ್ ಮೇಲಿಂದ ಎಳೆಯೋದರಲ್ಲಿ. ಹಾಗೆ ಕಲಿತರೆ ಬಿಡಿ ದಾರಗಳಷ್ಟೇ ಉಳಿಯುತ್ತವೆ, ಬಲೆ ಆಗಲ್ಲ. ದಾರಿ ಬಾಯಿಗೆ ಬಂದ ಮೇಲೆ ನಡುವಿನ ಒಂದು ಸರ್ಕಲ್ ಬಂದ್ ಆಗಿದೆ ಅಂದ್ಕೊಂಡು ಬದಲಿ ದಾರಿ ಹೇಳಿ. ರಸ್ತೆಗೆ ಕಾಂಕ್ರೀಟ್ ಹಾಕೋ ವೈಟ್ ಟಾಪಿಂಗ್ ನಡೀತಿದ್ರೆ ಅಂದ್ಕೊಳ್ಳೋದೂ ಬೇಡ.

ನರವ್ಯೂಹ:
ಒಂದು ಮಾತು ಸೇರಿಸಬೇಕು. ಇದು ಪುಕ್ಕಟೆ ಅಲ್ಲ. ಲಂಡನ್ ಟ್ಯಾಕ್ಸಿ ಚಾಲಕರಲ್ಲಿ ಹಿಪೊಕ್ಯಾಂಪಸ್‌ನ ಮುಂಭಾಗ ಚಿಕ್ಕದಿತ್ತು, ಜಟಿಲ ಚಿತ್ರವೊಂದನ್ನು ಅರ್ಧ ಗಂಟೆ ಬಿಟ್ಟು ನೆನಪಿನಿಂದ ಬರೆಯುವುದರಲ್ಲಿ ಅವರು ಹಿಂದೆ ಬಿದ್ದರು. ‘ಹೊಸ ನರಕೋಶ ಹುಟ್ಟಿತು’ ಅಂತ ಹಂಚುವ ಪೋಸ್ಟುಗಳನ್ನೂ ನಂಬಬೇಡಿ. ಎಂಆರ್‌ಐ ತೋರಿಸೋದು ಗಾತ್ರ, ಕೋಶದ ಲೆಕ್ಕ ಅಲ್ಲ. ವಯಸ್ಕರಲ್ಲಿ ಅಲ್ಲಿ ಹೊಸ ಕೋಶ ಹುಟ್ಟುತ್ತವೆಯೇ ಎಂಬ ಬಗ್ಗೆ 2018ರಲ್ಲೇ ಎರಡು ತಂಡಗಳು ತದ್ವಿರುದ್ಧ ಫಲಿತಾಂಶ ಕೊಟ್ಟವು.

ಅಭ್ಯಾಸ ಬಿಟ್ಟರೂ ಉಳಿಯುತ್ತೆ ಅನ್ನೋ ಹಾಗಿಲ್ಲ. 2004ರಲ್ಲಿ ಮೂರು ತಿಂಗಳು ಚೆಂಡುಗಳನ್ನು ಎಸೆದು ಹಿಡಿಯೋ ಕೈಚಳಕ (ಜಗ್ಲಿಂಗ್) ಕಲಿತವರ ಮಿದುಳಲ್ಲಿ ಕಂಡ ಹಿಗ್ಗುವಿಕೆ, ಮತ್ತೆ ಮೂರು ತಿಂಗಳು ಬಿಟ್ಟಾಗ ಇಳಿದಿತ್ತು.

ಗಾಂಧಿಬಜಾರ್_ಗಿರಾಕಿ:
ಮ್ಯಾಪ್‌ನ ಧ್ವನಿ ಮಾತ್ರ ಆಫ್ ಮಾಡಿದರೆ ಸಾಲದಾ ಸರ್?

ಅಡ್ಡರಸ್ತೆ:
ಬಾಣದ ಗುರುತು ಕಣ್ಣೆದುರೇ ಇದ್ದರೆ ಧ್ವನಿ ಇದ್ದಂಗೇ. ಉತ್ತರ ಮೇಲಿರೋ ಹಾಗೆ ಮ್ಯಾಪ್ ಇಟ್ಟು, ಇಡೀ ದಾರಿ ಒಂದು ಸಲ ನೋಡಿ, ಸ್ಕ್ರೀನ್ ಆರಿಸಿ ಹೊರಡಿ. ಗಿರಾಕಿ ಕೂತಿದ್ದಾಗ ಮಾತ್ರ ಈ ಪ್ರಯೋಗ ಬೇಡ.