ರೊಟ್ಟಿ, ಹಿಂಡಿ ಮಾಡಿ ಮಾರಬೇಕು: ಜೋಳ, ಶೇಂಗಾ, ಮೆಣಸಿನಕಾಯಿ ಯಾರ ಹತ್ರ ತಗೊಳ್ಳಲಿ?

ವಿಜಯಪುರದಲ್ಲಿ ಮನೆಯಿಂದಲೇ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ (ಚಟ್ನಿಪುಡಿ) ಮಾಡಿ ಮಾರಬೇಕು ಅಂತಿದ್ದೇನೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬರುತ್ತದಲ್ವಾ, ಅಷ್ಟರಲ್ಲಿ ಶುರು ಮಾಡುವ ಆಸೆ. ಕಿರಾಣಿ ಅಂಗಡಿಯ ಜೋಳ ತಂದು ಎರಡು ತಿಂಗಳು ಮಾಡಿ ನೋಡಿದೆ, ಕೈಯಲ್ಲಿ ಏನೂ ಉಳಿಯಲಿಲ್ಲ. ಹೋಲ್‌ಸೇಲ್‌ನವರನ್ನು ನೀವೆಲ್ಲ ಹೇಗೆ ಹುಡುಕಿದಿರಿ? ಮೋಸ ಹೋದವರೂ ಹೇಳಿ.

ಉತ್ತರ 1 (ವಿಜಯಪುರ)

ಅಕ್ಕಾರೆ, ನಾನು ಇದೇ ಊರಲ್ಲಿ ಎಂಟು ವರ್ಷದಿಂದ ರೊಟ್ಟಿ ಮಾಡಿಸುತ್ತಿದ್ದೇನೆ. ಎಷ್ಟು ಬೇಕು ಅನ್ನೋದನ್ನ ಮೊದಲು ಲೆಕ್ಕ ಹಾಕಿಕೊಳ್ಳಿ. ನಮ್ಮಲ್ಲಿ ಒಂದು ಕಿಲೋ ಹಿಟ್ಟಿಗೆ 20 ರೊಟ್ಟಿ ಆಗುತ್ತವೆ. ದಿನಕ್ಕೆ 200 ರೊಟ್ಟಿ ಅಂದ್ರೆ 10 ಕಿಲೋ, ತಿಂಗಳಿಗೆ 3 ಕ್ವಿಂಟಲ್. ದಲಾಲಿ ಅಂಗಡಿಗೆ ಹೋಗಿ "ಜೋಳ ಬೇಕಾಗಿತ್ರಿ" ಅಂದ್ರೆ ಯಾರೂ ತಲೆ ಎತ್ತಿ ನೋಡಲ್ಲ. "ತಿಂಗಳಿಗೆ 3 ಕ್ವಿಂಟಲ್ ಬೇಕು, ತಪ್ಪದೆ ಒಯ್ಯುತ್ತೇನೆ" ಅಂದ್ರೆ ಕುರ್ಚಿ ಹಾಕುತ್ತಾರೆ.

ಯಾರ ಹತ್ರ ಹೋಗಬೇಕು ಅಂತ ನನಗೆ ಹೇಳಿಕೊಟ್ಟಿದ್ದು ನಮ್ಮ ಓಣಿಯ ಗಿರಣಿಯವನು. ಅವನು ಹತ್ತಾರು ಮನೆಗಳ ಜೋಳ ಬೀಸುತ್ತಾನೆ, ಯಾರ ಹಿಟ್ಟಿಗೆ ಜಿಗಿ ಇದೆ ಅನ್ನೋದು ಅವನಿಗೆ ಮುಟ್ಟಿದರೆ ಗೊತ್ತಾಗುತ್ತದೆ, ಮತ್ತೆ ತಾನು ಜೋಳ ಮಾರುವವನಲ್ಲವಾದ್ದರಿಂದ ಸುಳ್ಳು ಹೇಳುವ ಗರಜೂ ಇಲ್ಲ. ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರನ್ನೂ ಹಂಗೇ ಮಾತಾಡಿಸಿ. ಯಾವ ಅಂಗಡಿಗೆ ಮಾಲು ವಾಪಸ್ ಬರುತ್ತದೆ ಅನ್ನೋದು ಮಾಲೀಕರು ಹೇಳಲ್ಲ, ಹಮಾಲರು ಚಹಾ ಕುಡಿಯುತ್ತಾ ಹೇಳಿಬಿಡುತ್ತಾರೆ.

ಸ್ಯಾಂಪಲ್ ನೋಡಿ ಮರುಳಾಗಬೇಡಿ. ನಾನು ಮೊದಲ ವರ್ಷ ಮೇಲಿನ ಬೊಗಸೆ ನೋಡಿ 5 ಚೀಲ ಎತ್ತಿಸಿಕೊಂಡು ಬಂದೆ. ಮೇಲೆಲ್ಲ ಮುತ್ತಿನಂಥ ಮಾಲದಂಡಿ ಬಿಳಿಜೋಳ, ಕೆಳಗೆ ಮಳೆಗೆ ಸಿಕ್ಕು ಕಪ್ಪಾದ ಮುಂಗಾರಿ ಹೈಬ್ರಿಡ್. ರೊಟ್ಟಿ ಬಡಿಯಲು ಹೋದರೆ ಅಂಚು ಬಿರಿಯುತ್ತಿತ್ತು. ಬಡಿಯುವ ಹೆಂಗಸರು ನನ್ನನ್ನೇ ಬೈದರು. ಈಗ ಚೀಲದ ನಡುವಿಂದ, ತಳದಿಂದ ಕೊಳವೆ ಚುಚ್ಚಿ ಕಾಳು ತೆಗೆಸುತ್ತೇನೆ. ಎರಡು ಕಿಲೋ ಬೀಸಿಸಿ, ರೊಟ್ಟಿ ಮಾಡಿ ನೋಡಿದ ಮೇಲೇ ಮಾತು. ಇದಕ್ಕೆ ಒಪ್ಪದ ಅಂಗಡಿ ಬಿಟ್ಟುಬಿಡಿ.

ಇನ್ನು ಜಾತ್ರೆ ವಿಷಯ. ನಮ್ಮ ಬಿಳಿಜೋಳ ಹಿಂಗಾರಿ ಬೆಳೆ, ಹೊಸ ಮಾಲು ಪೇಟೆಗೆ ಬರುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಜನವರಿಯಲ್ಲಿ ನಿಮಗೆ ಸಿಗುವುದು ಹೋದ ವರ್ಷದ ಜೋಳ. ನುಸಿ ಹಿಡಿದಿದೆಯಾ ನೋಡಿಕೊಳ್ಳಬೇಕು, ದರವೂ ಸುಗ್ಗಿಯ ದರ ಇರಲ್ಲ. ಹಾಗಾಗಿ ಜಾತ್ರೆಗೆ ಒಂದು ಕ್ವಿಂಟಲ್‌ನಲ್ಲಿ ಮುಗಿಸಿ, ದೊಡ್ಡ ಖರೀದಿ ಸುಗ್ಗಿಗೆ ಇಟ್ಟುಕೊಳ್ಳಿ. ಆಗ ಒಬ್ಬ ರೈತರ ಹೊಲದಿಂದಲೇ ನೇರ ತರಬಹುದು. ಆದರೆ ರೈತರಿಗೆ ರೊಕ್ಕ ಅವತ್ತೇ ಕೊಡಬೇಕು, ಅದು ನೆನಪಿರಲಿ.

ಉತ್ತರ 2 (ಬಾಗಲಕೋಟೆ)

ಮೋಸ ಹೋದವನು ನಾನೇ, ಕೇಳಿ. ಫೋನಿನಲ್ಲಿ ಹುಡುಕಿ ಶೇಂಗಾ ವ್ಯಾಪಾರಿ ಒಬ್ಬರನ್ನು ಹಿಡಿದೆ. ಪೇಟೆ ದರಕ್ಕಿಂತ ಕಿಲೋಗೆ 15 ರೂಪಾಯಿ ಕಡಿಮೆ ಹೇಳಿದರು, ಗೋಡೌನ್ ಹುಬ್ಬಳ್ಳಿಯಲ್ಲಿದೆ ಅಂದರು, ಚೀಲಗಳ ಫೋಟೊ ಕಳಿಸಿದರು, ನಾನು ಶಾಣ್ಯಾ ಅಂದುಕೊಂಡು ಅರ್ಧ ರೊಕ್ಕ ಮುಂಗಡ ಹಾಕಿದೆ. ಮರುದಿನದಿಂದ ನಂಬರ್ ಬಂದ್. ಆಮೇಲೆ ಬಿಲ್ಲಿನ ಜಿಎಸ್‌ಟಿ ನಂಬರ್ ನೋಡಿದರೆ 24ರಿಂದ ಶುರುವಾಗುತ್ತಿತ್ತು. ಅದು ಗುಜರಾತಿನ ಸಂಖ್ಯೆ. ಕರ್ನಾಟಕದ್ದು 29, ಸೊಲ್ಲಾಪುರ, ಸಾಂಗ್ಲಿ ಕಡೆಯವರದ್ದಾದರೆ 27. ಜಿಎಸ್‌ಟಿ ವೆಬ್‌ಸೈಟಿನಲ್ಲಿ ಆ 15 ಅಕ್ಷರ ಹಾಕಿದರೆ ಹೆಸರು, ನಂಬರ್ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಪುಕ್ಕಟೆ ತೋರಿಸುತ್ತದೆ. ಎರಡು ನಿಮಿಷದ ಕೆಲಸ, ಸುಮ್ನೆ ಬಿಟ್ಟೆ.

ಶೇಂಗಾ ತರುವಾಗ ಒಂದು ಮಾತು. ತೇವ ಇದ್ದರೆ ಬೂಷ್ಟು ಬರುತ್ತದೆ, ಆ ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗಲ್ಲ. ಕಾಳು ಕಿವಿ ಹತ್ರ ಅಲ್ಲಾಡಿಸಿ, ಕಚ್ಚಿ ನೋಡಿ. ಕಹಿ ಕಾಳು ಒಂದು ಸಿಕ್ಕರೂ ಚೀಲ ಬೇಡ.

ಉತ್ತರ 3 (ಬೆಳಗಾವಿ)

ಪ್ಯಾಕಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ರವಿವಾರ ಪೇಟೆಯ ಸುತ್ತಮುತ್ತ ಅಲೆದು ಕಲಿತದ್ದು: ಹೆಸರು ಪ್ರಿಂಟ್ ಮಾಡಿದ ಕವರ್ ಬೇಕು ಅಂದ ಕೂಡಲೇ ಬಣ್ಣಕ್ಕೊಂದು ಸಿಲಿಂಡರ್ (ಅಚ್ಚಿನ ಉರುಳೆ) ಖರ್ಚು, ಮೇಲೆ ಇಷ್ಟು ಕಿಲೋ ತಗೊಳ್ಳಲೇಬೇಕು ಅಂತಾರೆ. ನನ್ನ ಮನೆಯ ಅಟ್ಟದಲ್ಲಿ ಹಳೆ ಫೋನ್ ನಂಬರಿನ ಕವರ್ ಇನ್ನೂ ಬಿದ್ದಿವೆ. ಮೊದಲ ವರ್ಷ ಸಾದಾ ಫುಡ್ ಗ್ರೇಡ್ ಕವರ್, ಮೇಲೆ ಸ್ಟಿಕ್ಕರ್, ಅಷ್ಟೇ ಸಾಕು. ಎಫ್‌ಎಸ್‌ಎಸ್‌ಎಐ (ಆಹಾರ ಪರವಾನಗಿ) ನಂಬರ್, ತೂಕ, ತಯಾರಿಸಿದ ದಿನ, ಸಸ್ಯಾಹಾರದ ಹಸಿರು ಚುಕ್ಕೆ ಮರೀಬೇಡಿ.

ಮೆಣಸಿನಕಾಯಿಗೆ ಬ್ಯಾಡಗಿ ಒಂದನ್ನೇ ನಂಬಿದರೆ ಬಣ್ಣ ಬರುತ್ತದೆ, ನಮ್ಮ ಮಂದಿಗೆ ಬೇಕಾದ ಖಾರ ಬರಲ್ಲ. ನಾನು ಗುಂಟೂರು ಸ್ವಲ್ಪ ಬೆರೆಸುತ್ತೇನೆ. ವರ್ಷಕ್ಕೆ ಬೇಕಾಗುವ ಕಾಯಿಯನ್ನು ಬೇಸಿಗೆಯ ಶುರುವಿನಲ್ಲಿ, ಹೊಸ ಮಾಲು ಬಂದಾಗಲೇ ತಂದು ಒಣಗಿಸಿಡಿ. ತೊಟ್ಟು ಸಮೇತ ತೂಕ ಮಾಡುತ್ತಾರೆ, ತೊಟ್ಟು ತೆಗೆದ ಮೇಲೆ ಎಷ್ಟು ಉಳಿಯಿತು ಅಂತ ಒಮ್ಮೆ ತೂಗಿ ದರ ಹಾಕಿ.

ಉದ್ರಿ ಮೊದಲ ಮೂರು ತಿಂಗಳು ಕೇಳಲೇಬೇಡಿ. ನಾಲ್ಕನೇ ಸಲ ಅಂಗಡಿಯವರೇ "ಇರಲಿ ಬಿಡ್ರಿ, ಮುಂದಿನ ವಾರ ಕೊಡ್ರಿ" ಅನ್ನುತ್ತಾರೆ. ಖಾನಾವಳಿಯವರು ನಿಮ್ಮ ಹತ್ರ ಉದ್ರಿ ಕೇಳೋದು ಮಾತ್ರ ಮೊದಲ ದಿನದಿಂದಲೇ.

ಕೇಳಿದವರು ಮತ್ತೆ

ಎಲ್ಲರಿಗೂ ಶರಣು. ಇವತ್ತೇ ಮೂರು ಅಂಗಡಿಯಿಂದ ಎರಡೆರಡು ಕಿಲೋ ಜೋಳ ತಂದು ಗಿರಣಿಗೆ ಕೊಟ್ಟೆ. ಗಿರಣಿಯವರು ಒಂದು ಚೀಲ ಮೂಸಿ ನೋಡಿ ನಕ್ಕರು, ಏನೂ ಹೇಳಲಿಲ್ಲ. ಅಗಸಿ ಎಲ್ಲಿ ತರಲಿ?

ಉತ್ತರ 1

ಅವರು ನಕ್ಕ ಜೋಳ ಬಿಡಿ. ಅಗಸಿಗೆ ದೊಡ್ಡ ಅಂಗಡಿ ಬೇಡ ಅಕ್ಕಾರೆ, ಹಿಂಗಾರಿ ಹೊಲದಲ್ಲಿ ಅಕ್ಕಡಿ ಸಾಲಿಗೆ (ಮುಖ್ಯ ಬೆಳೆಯ ನಡುವಿನ ಸಾಲಿಗೆ) ಹಾಕಿರುತ್ತಾರೆ. ಸಂತೆಗೆ ಸಣ್ಣ ಗಂಟು ತರುವ ಹೆಂಗಸರನ್ನು ಕೇಳಿ, ಎರಡು ಮನೆ ಗೊತ್ತು ಮಾಡಿಕೊಳ್ಳಿ.